ಬಾದಾಮಿ, ಐಹೊಳೆಯ ಬಂಡೆಗುಡಿಗಳು: ಉಬ್ಬುಶಿಲ್ಪಗಳನ್ನು ನಿಂತು ನೋಡುವ ಬಗೆ

ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ, ರಾತ್ರಿ ವಾಪಸ್ ಬಸ್ಸು. ಬಹುತೇಕ ಪ್ರವಾಸಗಳು ಹೀಗೇ ಇರುತ್ತವೆ. ಇದರಲ್ಲಿ ಬಾದಾಮಿಯ ನಾಲ್ಕು ಗುಹೆಗಳಿಗೆ ಹೆಚ್ಚೆಂದರೆ ಒಂದು ಗಂಟೆ ಸಿಗುತ್ತದೆ, ಅದರಲ್ಲೂ ಅರ್ಧ ಮೆಟ್ಟಿಲು ಹತ್ತಲು, ಇನ್ನರ್ಧ ಸೆಲ್ಫಿಗೆ. ಕಟ್ಟಿದ ಗುಡಿಯನ್ನು ಒಂದು ಸುತ್ತು ಹಾಕಿ ನೋಡಬಹುದು. ಬಂಡೆಯಲ್ಲಿ ಕೊರೆದ ಗುಡಿಗೆ ಸುತ್ತು ಹಾಕಲು ಹೊರಮೈಯೇ ಇಲ್ಲ, ಇರುವುದೆಲ್ಲ ಒಳಗೋಡೆ. ಅಲ್ಲಿ ನಿಲ್ಲಬೇಕು. ಆದ್ದರಿಂದ ಈ ಲೇಖನದ ಲೆಕ್ಕ ಬೇರೆ: ಬಾದಾಮಿಗೆ ಒಂದು ಪೂರ್ತಿ ದಿನ, ಐಹೊಳೆಗೆ ಮರುದಿನ. ಪಟ್ಟದಕಲ್ಲಿನವು ಕಟ್ಟಿದ ಗುಡಿಗಳು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ನೋಡಲೇಬೇಕಾದವೂ ಹೌದು, ಆದರೆ ಅವುಗಳಿಗೆ ಮೂರನೆಯ ದಿನ ಇಟ್ಟುಕೊಳ್ಳಿ. ಮೂರು ದಿನ ಆಗುವುದಿಲ್ಲ ಎನ್ನುವವರು ಪಟ್ಟದಕಲ್ಲನ್ನು ಮುಂದಿನ ಸಲಕ್ಕೆ ಬಿಡಿ. ಮೂರನ್ನೂ ಓಡುತ್ತ ನೋಡುವುದಕ್ಕಿಂತ ಅದು ವಾಸಿ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಗೆ ಏರುತ್ತದೆ. ಎರಡು ಕಡೆಯೂ ಬಂಡೆಯೇ ಇರುವುದರಿಂದ ಮೇಲಿನ ಬಿಸಿಲಿಗಿಂತ ಪಕ್ಕದ ಝಳವೇ ಹೆಚ್ಚು ಕಾಡುತ್ತದೆ. ಮಳೆಗಾಲದಲ್ಲಿ ಗುಡ್ಡದ ಬಣ್ಣ ಚೆನ್ನಾಗಿರುತ್ತದೆ, ಮೆಟ್ಟಿಲು ಮಾತ್ರ ಜಾರುತ್ತವೆ. ಡಿಸೆಂಬರ್, ಜನವರಿ ಶಾಲಾ ಪ್ರವಾಸಗಳ ಕಾಲ. ಪುಷ್ಯ ಮಾಸದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ಊರಿನಲ್ಲಿ ರೂಮು ಸಿಗುವುದೇ ಕಷ್ಟ. ಜಾತ್ರೆ ನೋಡಬೇಕೆಂದರೆ ಆಗ ಬನ್ನಿ, ಗುಹೆ ನೋಡಬೇಕೆಂದರೆ ಬೇಡ. ವಾರದ ದಿನಗಳಲ್ಲಿ ಶುಕ್ರವಾರ ತಪ್ಪಿಸಿ, ಕೆರೆಯಾಚೆ ಇರುವ ಪುರಾತತ್ವ ಇಲಾಖೆಯ ಮ್ಯೂಸಿಯಂ ಅಂದು ಮುಚ್ಚಿರುತ್ತದೆ.

ಬಾದಾಮಿ ರೈಲು ನಿಲ್ದಾಣ ಊರಿಂದ ಸುಮಾರು 5 ಕಿಲೋಮೀಟರ್ ದೂರ. ಗೋಲಗುಂಬಜ್ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ, ಇಳಿದರೆ ಟಂಟಂ, ಆಟೊ ಸಿಗುತ್ತವೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ನೂರಕ್ಕಿಂತ ತುಸು ಹೆಚ್ಚು ಕಿಲೋಮೀಟರ್ ದಾರಿ. ಬಸ್ ನಿಲ್ದಾಣ ಊರ ನಡುವೆಯೇ ಇದೆ, ಅಲ್ಲಿಂದ ಗುಹೆಗಳಿಗೆ ನಡೆದೇ ಹೋಗಬಹುದು. ಊರವರ ಬಾಯಲ್ಲಿ ಗುಹೆಗಳ ಹೆಸರು ಮೇಣಬಸದಿ, ದಾರಿ ಕೇಳುವಾಗ ಹಾಗೇ ಕೇಳಿ.

ಟಿಕೆಟ್ ಭಾರತೀಯರಿಗೆ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕೌಂಟರ್ ಬಳಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕೊಂಡರೆ ತುಸು ಕಡಿಮೆ. ಟ್ರೈಪಾಡ್‌ಗೆ ಇಲಾಖೆಯ ಅನುಮತಿ ಮೊದಲೇ ಬೇಕು, ಬಾಗಿಲಲ್ಲಿ ನಿಂತು ವಾದಿಸಿದರೆ ಸಿಗುವಂಥದ್ದಲ್ಲ.

ಚೀಲದಲ್ಲಿ ಇರಬೇಕಾದವು ಕಡಿಮೆ, ಆದರೆ ಒಂದೊಂದಕ್ಕೂ ಕಾರಣವಿದೆ. ತಲಾ ಎರಡು ಲೀಟರ್ ನೀರು, ಚೀಲದ ಒಳಗೆ. ಕೈಯಲ್ಲಿ ಬಾಟಲಿ ಹಿಡಿದರೆ ಮಂಗಗಳ ಪಾಲು. 8×30 ಅಳತೆಯ ದುರ್ಬೀನು, ಬೋದಿಗೆಯ, ಎಂದರೆ ಕಂಬದ ನೆತ್ತಿಯ, ಶಿಲ್ಪಗಳೂ ಛಾವಣಿಯ ಫಲಕಗಳೂ ಬರಿಗಣ್ಣಿಗೆ ಅರ್ಧ ಮಾತ್ರ ಕಾಣುತ್ತವೆ. ಅಂಗೈಗಿಂತ ತುಸು ದೊಡ್ಡ ಕನ್ನಡಿ: ಸೊಂಟದ ಎತ್ತರಕ್ಕೆ ಅಡ್ಡ ಹಿಡಿದು ಅದರಲ್ಲಿ ಛಾವಣಿ ನೋಡಿದರೆ ಕತ್ತು ನೋಯುವುದಿಲ್ಲ, ಆದರೆ ಕನ್ನಡಿಯಲ್ಲಿ ಎಡಬಲ ಬದಲಾಗುತ್ತದೆ ಎಂಬುದು ನೆನಪಿರಲಿ. ಒಂದು ಸಣ್ಣ ಎಲ್‌ಇಡಿ ಟಾರ್ಚು. ಅಡಿ ಜಾರದ, ಬೇಗ ಕಳಚಿ ಹಾಕಿಕೊಳ್ಳಬಹುದಾದ ಪಾದರಕ್ಷೆ. ಪೂಜೆ ನಡೆಯುವ ಗುಡಿಗಳಿಗೂ ಹೋಗುವವರು ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ, ಮಧ್ಯಾಹ್ನದ ಚಪ್ಪಡಿಗಲ್ಲು ಬರಿಗಾಲಿಗೆ ಕರುಣೆ ತೋರುವುದಿಲ್ಲ. ತಿನ್ನುವ ಯಾವುದನ್ನೂ ಮೇಲೆ ಒಯ್ಯಬೇಡಿ. ಬಾದಾಮಿಯ ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದೇ ಊಟದ ಗಂಟೆ. ಅವು ಕಸಿದುಕೊಂಡರೆ ಬಿಟ್ಟುಬಿಡಿ. ಎಳೆದಾಡಿದರೆ ಕಚ್ಚುತ್ತವೆ, ಆಮೇಲೆ ದಿನವೆಲ್ಲ ಆಸ್ಪತ್ರೆಯಲ್ಲೇ ಕಳೆಯುತ್ತದೆ.

ಮೊದಲು ಬಂಡೆಯನ್ನು ನೋಡಿ

ಟಿಕೆಟ್ ಕೌಂಟರ್ ದಾಟಿದ ಮೇಲೆ ಎರಡು ನಿಮಿಷ ತಲೆಯೆತ್ತಿ ಗುಡ್ಡವನ್ನೇ ನೋಡಿ. ಇದು ಮರಳುಗಲ್ಲು. ಪದರ ಪದರವಾಗಿ ಅಡ್ಡಲಾಗಿ ಕೂತಿದೆ, ಒಂದು ಪದರ ಕೆಂಪು, ಇನ್ನೊಂದು ಬಿಳಿಚು, ಮತ್ತೊಂದು ಇಟ್ಟಿಗೆ ಬಣ್ಣ. ಇದೇ ಪದರಗಳು ಒಳಗೆ ದೇವರ ಮುಖ, ಎದೆ, ತೊಡೆಗಳ ಮೇಲೂ ಗೆರೆಯಾಗಿ ಹಾಯುತ್ತವೆ. ಅದು ಬಣ್ಣ ಬಳಿದದ್ದೂ ಅಲ್ಲ, ನೀರು ಸೋರಿದ ಕಲೆಯೂ ಅಲ್ಲ.

ಕಲ್ಲಿನ ಜಾತಿ ತಿಳಿದರೆ ಶಿಲ್ಪದ ಸ್ವಭಾವವೂ ತಿಳಿಯುತ್ತದೆ. ಮಹಾಬಲಿಪುರದ್ದು ಗಟ್ಟಿ ಗ್ರಾನೈಟು, ಎಲ್ಲೋರದ್ದು ಕಪ್ಪು ಬಸಾಲ್ಟು. ಬಾದಾಮಿಯ ಮರಳುಗಲ್ಲು ಇವೆರಡಕ್ಕಿಂತ ಮೆದು, ಉಳಿಗೆ ಬೇಗ ಒಗ್ಗುತ್ತದೆ. ಅದಕ್ಕೇ ಇಲ್ಲಿ ಸರ, ಡಾಬು, ಕಿರೀಟಗಳ ಕೆಲಸ ಅಷ್ಟು ಬಿಡಿಬಿಡಿಯಾಗಿದೆ. ಅದೇ ಕಾರಣಕ್ಕೆ ಗಾಳಿ, ತೇವ, ಮನುಷ್ಯರ ಕೈ ತಾಗಿದ ಕಡೆಯಲ್ಲೆಲ್ಲ ಬೇಗ ಸವೆದಿದೆ. ಎಟಕುವ ಎತ್ತರದ ಮೂಗು, ಮೊಣಕಾಲುಗಳು ನುಣುಪಾಗಿ ಕಪ್ಪಗಾಗಿರುವುದು ಸವರಿದ ಕೈಗಳ ಬೆವರು, ಎಣ್ಣೆಯಿಂದ. ಮುಟ್ಟಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಶಾಸನ ಓದಲೆಂದು ಅಕ್ಷರದೊಳಗೆ ಸೀಮೆಸುಣ್ಣ ತುಂಬುವುದೂ ಹಾನಿಯೇ.

ಒಳಗೆ ಹೋದಾಗ ಇನ್ನೊಂದು ಗಮನಿಸಿ. ಕಂಬ, ತೊಲೆ, ಬೋದಿಗೆ ಎಲ್ಲ ಇವೆ, ಆದರೆ ಒಂದನ್ನೂ ತಂದು ನಿಲ್ಲಿಸಿದ್ದಲ್ಲ. ಬಂಡೆಯನ್ನು ತೆಗೆಯುತ್ತ ಹೋಗಿ ಉಳಿಸಿದ್ದು. ಕೆಲಸ ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಸಾಗುತ್ತದೆ, ಅಂದರೆ ಛಾವಣಿ ಮೊದಲು, ನೆಲ ಕೊನೆಗೆ. ಒಮ್ಮೆ ತಪ್ಪಿ ಹೆಚ್ಚು ಕೆತ್ತಿದರೆ ಮತ್ತೆ ಅಂಟಿಸುವಂತಿಲ್ಲ. ಉಳಿಯ ಒರಟು ಗುರುತುಗಳು ಹಾಗೇ ಉಳಿದಿರುವ ಮೂಲೆಗಳನ್ನು ಹುಡುಕಿ, ನುಣುಪು ಮಾಡಿದ ಗೋಡೆಗಿಂತ ಕೆಲಸದ ಕ್ರಮ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಒಂದು ಫಲಕವನ್ನು ಓದುವ ಕ್ರಮ

ಗೈಡ್ ಇದ್ದರೂ ಇಲ್ಲದಿದ್ದರೂ ಪ್ರತಿ ದೊಡ್ಡ ಉಬ್ಬುಶಿಲ್ಪದ ಎದುರು ಈ ಕ್ರಮ ಹಿಡಿಯಿರಿ.

1. ಬಿಸಿಲಿನಿಂದ ಒಳಗೆ ಬಂದ ತಕ್ಷಣ ನೋಡಲು ಹೋಗಬೇಡಿ. ಕಣ್ಣು ಮಬ್ಬಿಗೆ ಹೊಂದಲು ಮೂರು ನಾಲ್ಕು ನಿಮಿಷ ಬೇಕು. ಆ ಹೊತ್ತಿನಲ್ಲಿ ಕಂಬ ಎಷ್ಟಿವೆ, ಗರ್ಭಗುಡಿ ಎಲ್ಲಿದೆ ನೋಡಿಕೊಳ್ಳಿ. ಇಲ್ಲಿನ ಗುಹೆಗಳ ನಕ್ಷೆ ಒಂದೇ: ಮುಂದೆ ಉದ್ದನೆಯ ಮುಖಮಂಟಪ, ಅದರ ಹಿಂದೆ ಕಂಬಗಳ ಸಭಾಮಂಟಪ, ಹಿಂಗೋಡೆಯಲ್ಲಿ ಸಣ್ಣ ಗರ್ಭಗುಡಿ. ದೊಡ್ಡ ಶಿಲ್ಪಗಳೆಲ್ಲ ಹೆಚ್ಚಾಗಿ ಮುಖಮಂಟಪದ ಎರಡು ತುದಿಗಳಲ್ಲಿ.

2. ಫಲಕದ ಎತ್ತರದ ಎರಡರಷ್ಟು ದೂರ ಹಿಂದೆ ಸರಿದು ನಿಲ್ಲಿ. ಎಂಟು ಅಡಿ ಶಿಲ್ಪಕ್ಕೆ ಹದಿನಾರು ಅಡಿ. ಹತ್ತಿರ ನಿಂತರೆ ಸೊಂಟದ ಪಟ್ಟಿ ಕಾಣುತ್ತದೆ, ದೇವರು ಕಾಣುವುದಿಲ್ಲ.

3. ಎಡ, ಬಲ ಎಂದರೆ ದೇವರ ಎಡ, ದೇವರ ಬಲ. ಹೆಚ್ಚಿನವರು ಎಡವುವುದು ಇಲ್ಲೇ. ಅರ್ಧನಾರೀಶ್ವರನ ಹೆಣ್ಣು ಭಾಗ ಎಡಕ್ಕೆ ಇರುತ್ತದೆ, ನೋಡುವ ನಮಗೆ ಅದು ಬಲಕ್ಕೆ.

4. ಕೈಗಳನ್ನು ಎಣಿಸಿ. ದೇವರ ಬಲಗಡೆಯ ಕೆಳಗಿನ ಕೈಯಿಂದ ಶುರುಮಾಡಿ ಮೇಲೆ ಹೋಗಿ, ತಲೆ ದಾಟಿ, ಎಡಗಡೆ ಮೇಲಿನಿಂದ ಕೆಳಗಿಳಿಯಿರಿ. ಒಂದೊಂದು ಕೈಯಲ್ಲಿ ಏನಿದೆ ಬರೆದುಕೊಳ್ಳಿ. ಮುರಿದಿದ್ದರೆ ‘ಮುರಿದಿದೆ’ ಎಂದೇ ಬರೆಯಿರಿ, ಊಹೆ ತುಂಬಬೇಡಿ.

5. ಆಮೇಲೆ ತಲೆ: ಜಟೆಯೋ ಕಿರೀಟವೋ? ಆಮೇಲೆ ಕಾಲ ಬುಡ: ನಂದಿಯೋ ಗರುಡನೋ? ಈ ಎರಡು ಪ್ರಶ್ನೆಗೇ ಶಿವ, ವಿಷ್ಣು ಬೇರೆಯಾಗುತ್ತಾರೆ.

6. ಅಕ್ಕಪಕ್ಕದ ಸಣ್ಣವರನ್ನು ನೋಡಿ. ಕಥೆ ಇರುವುದು ಅವರಲ್ಲಿ.

7. ಕೊನೆಗೆ ಮಾತ್ರ ಹತ್ತಿರ ಹೋಗಿ ಒಡವೆ, ಬಟ್ಟೆಯ ನಿರಿಗೆ, ಬೆರಳು ನೋಡಿ.

ಒಂದು ಫಲಕಕ್ಕೆ ಇದೆಲ್ಲ ಸೇರಿ ಹತ್ತು ನಿಮಿಷ. ಎಲ್ಲ ಶಿಲ್ಪಕ್ಕೂ ಬೇಕಿಲ್ಲ, ದಿನಕ್ಕೆ ಎಂಟು ಹತ್ತು ಫಲಕ ಹೀಗೆ ನೋಡಿದರೆ ಧಾರಾಳ.

ಒಂದನೆಯ ಗುಹೆ

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ವಾರದ ದಿನವಾದರೆ ಒಂದರಿಂದ ನಾಲ್ಕರವರೆಗೆ ಕ್ರಮವಾಗಿ. ಭಾನುವಾರವೋ ರಜಾದಿನವೋ ಆದರೆ ಮೊದಲು ನೇರ ಮೂರನೆಯದಕ್ಕೆ ಹತ್ತಿ, ಆಮೇಲೆ ಇಳಿಯುತ್ತ ಬನ್ನಿ. ಎಲ್ಲರೂ ಒಂದನೆಯದರಲ್ಲಿ ಕಿಕ್ಕಿರಿದಿರುವಾಗ ಮೂರನೆಯದು ನಿಮಗೊಬ್ಬರಿಗೇ ಸಿಗುತ್ತದೆ.

ಮೆಟ್ಟಿಲು ಹತ್ತಿ ನಿಂತರೆ ನಿಮ್ಮ ಬಲಕ್ಕೆ ಹೊರಬಂಡೆಯ ಮೇಲೆ ಹದಿನೆಂಟು ಕೈಗಳ ನಟರಾಜ. ಆಳು ಐದಡಿ ಆಸುಪಾಸು, ದೊಡ್ಡದೇನಲ್ಲ. ಹಿಂದೆ ನಂದಿ, ಪಕ್ಕದಲ್ಲಿ ಗಣಪತಿ, ವಾದ್ಯ ಬಾರಿಸುವವನು. ಗೈಡುಗಳು ಇಲ್ಲಿ ‘ಎಂಬತ್ತೊಂದು ಭಂಗಿ’ ಎನ್ನುತ್ತಾರೆ: ಬಲದ ಒಂಬತ್ತು ಕೈಗಳಲ್ಲಿ ಒಂದು, ಎಡದ ಒಂಬತ್ತರಲ್ಲಿ ಒಂದು, ಒಂಬತ್ತೊಂಬತ್ತಲೆ ಎಂಬತ್ತೊಂದು. ಮಗ್ಗಿಯೇನೋ ಸರಿ. ನೋಡುವುದಕ್ಕೆ ಮಾತ್ರ ಬೇರೆ ದಾರಿ ಒಳ್ಳೆಯದು. ಮೊದಲು ಕೈಗಳನ್ನೆಲ್ಲ ಮರೆತು ಮುಂಡ ಮತ್ತು ಕಾಲು ಮಾತ್ರ ನೋಡಿ, ಸೊಂಟ ಎತ್ತ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ. ಅದು ಮನಸ್ಸಿಗೆ ಕೂತ ಮೇಲೆ ಮುಂದಿನ ಜೋಡಿ ಕೈ, ಆಮೇಲೆ ಹಿಂದಿನವು. ಹೀಗೆ ನೋಡಿದಾಗ ಉಳಿದ ಕೈಗಳು ಒಂದೇ ಚಲನೆಯ ಹಲವು ಗಳಿಗೆಗಳಾಗಿ ಬಿಚ್ಚಿಕೊಳ್ಳುತ್ತವೆ.

ಎಡಕ್ಕೆ ತ್ರಿಶೂಲ ಹಿಡಿದ ದ್ವಾರಪಾಲಕ. ಅವನ ಕೆಳಗೆ ಗೂಳಿ ಮತ್ತು ಆನೆ ಒಂದೇ ತಲೆ ಹಂಚಿಕೊಂಡ ಶಿಲ್ಪವಿದೆ. ಆನೆಯ ಮೈಯನ್ನು ಅಂಗೈಯಿಂದ ಮರೆಮಾಡಿದರೆ ಗೂಳಿ, ಗೂಳಿಯ ಮೈ ಮರೆಮಾಡಿದರೆ ಆನೆ. ಮಕ್ಕಳಿಗೆ ಮೊದಲು ಇದನ್ನೇ ತೋರಿಸಿ, ಆಮೇಲೆ ಅವರೇ ಎಲ್ಲ ಶಿಲ್ಪವನ್ನೂ ಹುಡುಕಿ ನೋಡುತ್ತಾರೆ.

ಒಳಗೆ, ಮುಖಮಂಟಪದ ಎರಡು ತುದಿಗಳಲ್ಲಿ ಎರಡು ದೊಡ್ಡ ಫಲಕಗಳು ಎದುರುಬದುರಾಗಿವೆ: ನಿಮ್ಮ ಎಡಕ್ಕೆ ಹರಿಹರ, ಬಲಕ್ಕೆ ಅರ್ಧನಾರೀಶ್ವರ. ಮೇಲಿನ ಏಳು ಹೆಜ್ಜೆಗಳನ್ನು ಪ್ರಯೋಗಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಎರಡರಲ್ಲೂ ಒಂದೇ ಮೈಯಲ್ಲಿ ಇಬ್ಬರಿದ್ದಾರೆ.

ಹರಿಹರನ ಎದುರು ನಿಂತು ನೆತ್ತಿಯ ನಡುವಿನಿಂದ ಪಾದದವರೆಗೆ ಕಣ್ಣಲ್ಲೇ ಒಂದು ಗೆರೆ ಎಳೆಯಿರಿ. ಗೆರೆಯ ಒಂದು ಕಡೆ ಜಟೆ, ಇನ್ನೊಂದು ಕಡೆ ಕಿರೀಟ. ಎರಡೂ ಕೂಡುವ ಕಡೆ ಶಿಲ್ಪಿ ಹೇಗೆ ಸಂಭಾಳಿಸಿದ್ದಾನೆ ನೋಡಿ, ಹಣೆ ಒಂದೇ, ಮುಖ ಒಂದೇ, ಮೇಲೆ ಮಾತ್ರ ಎರಡು. ಶಿವನ ಕಡೆ, ಅಂದರೆ ದೇವರ ಬಲಕ್ಕೆ, ಹಾವು ಸುತ್ತಿದ ಕೊಡಲಿ. ವಿಷ್ಣುವಿನ ಕಡೆ ಶಂಖ. ಕೆಳಗೆ ಬನ್ನಿ: ಆ ಕಡೆ ಪಾರ್ವತಿ, ಈ ಕಡೆ ಲಕ್ಷ್ಮಿ. ನಂದಿಯ ಮೋರೆಯ ಗಣವೂ ಕುಳ್ಳ ಗರುಡನೂ ತಮ್ಮ ತಮ್ಮ ಒಡೆಯನ ಪಕ್ಕಕ್ಕೇ ನಿಂತಿದ್ದಾರೆ. ಒಮ್ಮೆ ಗೆರೆ ಎಳೆದುಕೊಂಡರೆ ಫಲಕದಲ್ಲಿ ಯಾರೂ ತಪ್ಪು ಕಡೆ ನಿಂತಿಲ್ಲ ಎಂಬುದು ತಿಳಿಯುತ್ತದೆ.

ಈಗ ತಿರುಗಿ ಅರ್ಧನಾರೀಶ್ವರನತ್ತ ನಡೆಯಿರಿ. ಅದೇ ಗೆರೆ, ಆದರೆ ಇಲ್ಲಿ ಅದು ಮೈಯನ್ನೂ ಭಾಗ ಮಾಡುತ್ತದೆ: ಎದೆ, ಸೊಂಟ, ಕಿವಿಯ ಓಲೆ, ಉಟ್ಟ ಬಟ್ಟೆ ಎಲ್ಲ ಎರಡು ಬಗೆ. ಶಿವನ ಕಡೆ ಮೂಳೆ ಚಕ್ಕಳವಾದವನೊಬ್ಬ ಕೈಮುಗಿದು ನಿಂತಿದ್ದಾನೆ. ಅವನು ಭೃಂಗಿ. ಶಿವನಿಗೆ ಮಾತ್ರ ಪ್ರದಕ್ಷಿಣೆ ಬರುತ್ತೇನೆ, ದೇವಿಗೆ ಇಲ್ಲ ಎಂದು ಹಟ ಹಿಡಿದವನು, ಅದಕ್ಕೆ ದೇವಿ ಅವನ ರಕ್ತಮಾಂಸ ಹಿಂದಕ್ಕೆ ಪಡೆದಳು ಎಂಬುದು ಕಥೆ. ಅವನ ಪಕ್ಕೆಲುಬುಗಳನ್ನು ಎಣಿಸುವಷ್ಟು ಬಿಡಿಯಾಗಿ ಕೆತ್ತಿದ್ದಾರೆ. ದೇವಿಯ ಕಡೆ ಒಡವೆಯ ಪೆಟ್ಟಿಗೆ ಹಿಡಿದ ಸಖಿ. ಇಬ್ಬರನ್ನೂ ಒಟ್ಟಿಗೆ ನೋಡದೆ ನಡುವಿನ ದೇವರನ್ನು ಮಾತ್ರ ನೋಡಿ ಹೋದರೆ ಕಥೆಯ ಅರ್ಧ ಅಲ್ಲೇ ಉಳಿಯಿತು.

ಹೊರಡುವ ಮುನ್ನ ಛಾವಣಿಯ ಸುರುಳಿ ಸುತ್ತಿದ ನಾಗರಾಜ, ಅಧಿಷ್ಠಾನದ, ಎಂದರೆ ಗುಡಿಯ ಬುಡಗಟ್ಟೆಯ, ಮೇಲೆ ಸಾಲಾಗಿ ಕುಣಿಯುವ ಕುಳ್ಳ ಗಣಗಳು. ಗಣಗಳನ್ನು ಯಾರೂ ನೋಡುವುದಿಲ್ಲ, ಅವು ಮೊಣಕಾಲಿನ ಎತ್ತರದಲ್ಲಿವೆ. ಕೂತು ನೋಡಿ.

ಎರಡನೆಯದು, ಮೂರನೆಯದು

ಎರಡನೆಯ ಗುಹೆ ವಿಷ್ಣುವಿನದು. ಮುಖಮಂಟಪದ ಎಡತುದಿಯಲ್ಲಿ ವರಾಹ, ಬಲತುದಿಯಲ್ಲಿ ತ್ರಿವಿಕ್ರಮ, ಛಾವಣಿಯಲ್ಲಿ ಹದಿನಾರು ಮೀನುಗಳೇ ಅರೆಕಾಲುಗಳಾದ ಚಕ್ರ. ಕನ್ನಡಿ ಹೊರತೆಗೆಯಬೇಕಾದ ಜಾಗ ಇದು. ವರಾಹ ಮತ್ತು ತ್ರಿವಿಕ್ರಮ ಮೂರನೆಯ ಗುಹೆಯಲ್ಲೂ ದೊಡ್ಡದಾಗಿ ಇದ್ದಾರೆ. ಇಲ್ಲಿ ಒಂದು ಫೋಟೊ ತೆಗೆದುಕೊಂಡು, ಮೇಲೆ ಹೋಗಿ ಅದರ ಎದುರಿಗೆ ಹಿಡಿದು ಹೋಲಿಸಿ. ಒಂದೇ ಊರು, ಒಂದೇ ಕಥೆ, ಆದರೆ ಅಳತೆ, ಅಲಂಕಾರ, ಧೈರ್ಯ ಬೇರೆ. ವರಾಹ ಈ ಗುಹೆಗಳನ್ನು ಕೊರೆಸಿದ ಚಾಲುಕ್ಯರ ಲಾಂಛನವೂ ಹೌದು, ಆದ್ದರಿಂದ ಭೂದೇವಿಯನ್ನು ಎತ್ತಿ ಹಿಡಿದ ಈ ದೇವರಲ್ಲಿ ರಾಜನ ಛಾಯೆಯೂ ಇದೆ ಎಂದುಕೊಂಡು ನೋಡುವುದು ತಪ್ಪಲ್ಲ.

ಮೂರನೆಯದಕ್ಕೆ ಹೋಗುವ ದಾರಿಯಲ್ಲಿ ಒಂದು ನೈಸರ್ಗಿಕ ಗುಹೆ ಸಿಗುತ್ತದೆ, ಅದಕ್ಕೆ ಐದು ನಿಮಿಷ ಸಾಕು.

ಮೂರನೆಯದಕ್ಕೆ ಒಂದೂಕಾಲು ಗಂಟೆ ಇಡಿ. ಮುಂಭಾಗವೇ ಸುಮಾರು 21 ಮೀಟರ್ ಅಗಲ, ಆರು ಕಂಬ. ಇಲ್ಲಿನ ಸಂಸ್ಕೃತ ಶಾಸನಕ್ಕೆ ಶಕ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯ ತೇದಿ ಇದೆ. ಒಂದನೆಯ ಕೀರ್ತಿವರ್ಮ ಆಳುತ್ತಿದ್ದಾಗ ಅವನ ತಮ್ಮ ಮಂಗಲೇಶ ಮಾಡಿಸಿದ್ದು. ಭಾರತದ ಗುಹಾಲಯಗಳಲ್ಲಿ ಹೀಗೆ ದಿನ ಸಮೇತ ತೇದಿ ಇರುವುದು ಅಪರೂಪ, ಉಳಿದ ಗುಹೆಗಳ ಕಾಲವನ್ನು ವಿದ್ವಾಂಸರು ಇದನ್ನೇ ಗೂಟ ಮಾಡಿಕೊಂಡು ಅಳೆಯುತ್ತಾರೆ. ಮಂಗಲೇಶನ ಕನ್ನಡ ಶಾಸನವೂ ಇಲ್ಲೇ ಇದೆ: ‘ಕಲ್ಮನೆಗೆ ಇತ್ತೊದು ಲಂಜಿಗೇಸರಂ’, ಈ ಕಲ್ಲುಮನೆಗೆ ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದು, ಎಂದು. ದೇವರಿಗೆ ಹೂ ಕಟ್ಟುವ ಮಾಲೆಗಾರರ ಪಾಲೂ ಅದರಲ್ಲಿದೆ. ಈಗ ಬರೀ ಕಲ್ಲಾಗಿ ಕಾಣುವ ಈ ಗರ್ಭಗುಡಿಗೆ ದಿನವೂ ಹೂ ಬರುತ್ತಿತ್ತು. ಅಕ್ಷರ ಕಾಣದಿದ್ದರೆ ನೇರ ನಿಂತು ಕಣ್ಣು ಕಿರಿದು ಮಾಡಿ ಪ್ರಯೋಜನವಿಲ್ಲ. ಒಂದು ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ, ಆಗ ಅಕ್ಷರದ ಗುಳಿಗೆ ನೆರಳು ತುಂಬುತ್ತದೆ.

ಇನ್ನು ಶಿಲ್ಪಗಳು. ಎಡಗಡೆ ತುದಿಗೆ ಮೂರು: ಹೊರಗಡೆ ಅಷ್ಟಭುಜ ವಿಷ್ಣು, ತುದಿಗೋಡೆಯಲ್ಲಿ ಶೇಷನ ಸುರುಳಿಯ ಮೇಲೆ ಕೂತ ವಿಷ್ಣು, ಅದಕ್ಕೆ ತಾಗಿದ ಹಿಂಗೋಡೆಯಲ್ಲಿ ವರಾಹ. ಬಲಗಡೆ ತುದಿಗೆ ಮೂರು: ನರಸಿಂಹ, ಹರಿಹರ, ತ್ರಿವಿಕ್ರಮ. ವಿಷ್ಣು ಶೇಷನ ಮೇಲೆ ಮಲಗಿರುವುದನ್ನು ಕಂಡು ರೂಢಿಯಾದವರು ಇಲ್ಲಿ ತುಸು ನಿಲ್ಲಬೇಕು, ಅವನು ಆರಾಮವಾಗಿ ಕೂತಿದ್ದಾನೆ, ಹೆಡೆಗಳು ಛತ್ರಿ. ನರಸಿಂಹನೂ ಹಾಗೆ: ತೊಡೆಯ ಮೇಲೆ ಹಿರಣ್ಯಕಶಿಪು ಇಲ್ಲ, ರಕ್ತವಿಲ್ಲ, ನೆಟ್ಟಗೆ ನಿಂತ ಸಿಂಹಮುಖ. ತ್ರಿವಿಕ್ರಮನಲ್ಲಿ ಮೊದಲು ಎತ್ತಿದ ಕಾಲನ್ನು ಬಿಟ್ಟು ಕೆಳಗೆ ನೋಡಿ. ಕೊಡೆ ಹಿಡಿದ ಪುಟ್ಟ ವಾಮನ, ದಾನದ ನೀರು ಬಿಡುತ್ತಿರುವ ಬಲಿ, ಅಂದರೆ ಕಥೆಯ ಮೊದಲ ಗಳಿಗೆ. ಆಮೇಲೆ ಕಣ್ಣನ್ನು ಮೇಲಕ್ಕೆ ಒಯ್ಯಿರಿ, ಆಕಾಶಕ್ಕೆ ಚಾಚಿದ ಪಾದ ಮುಂದಿನ ಗಳಿಗೆ. ಒಂದೇ ಫಲಕದಲ್ಲಿ ಎರಡು ಹೊತ್ತು, ಒಬ್ಬನೇ ಎರಡು ಅಳತೆಯಲ್ಲಿ.

ದುರ್ಬೀನು ಬೇಕಾಗುವುದು ಬೋದಿಗೆಗಳಿಗೆ. ಪ್ರತಿ ಕಂಬದ ನೆತ್ತಿಯಲ್ಲಿ ಮರದ ಕೆಳಗೆ ನಿಂತ ಜೋಡಿಗಳು, ಒಂದು ಜೋಡಿಯಂತೆ ಇನ್ನೊಂದಿಲ್ಲ. ಒಬ್ಬಳು ಅಮಲೇರಿ ಜೋಲಿ ಹೊಡೆದಂತಿದ್ದಾಳೆ, ಅವನು ಆತುಕೊಂಡಿದ್ದಾನೆ. ಆಮೇಲೆ ಕಪೋತದ, ಎಂದರೆ ಮುಂಚಾಚಿದ ಸೂರಿನ, ಒಳಮೈ ನೋಡಿ. ಇಲ್ಲಿ ಒಂದು ಕಾಲದಲ್ಲಿ ಚಿತ್ರ ಬರೆದಿದ್ದರು. ಈಗ ಉಳಿದಿರುವುದು ಬಣ್ಣದ ತೇಪೆಗಳು ಮಾತ್ರ. ಫ್ಲ್ಯಾಶ್ ಹಾಕಬೇಡಿ, ಹಾಕಿದರೂ ಬಣ್ಣ ಕಾಣದೆ ಬರೀ ಬಿಳುಪು ಬರುತ್ತದೆ.

ನಾಲ್ಕನೆಯದು ಜೈನ ಬಸದಿ, ಚಿಕ್ಕದು. ಬಾಹುಬಲಿ, ಪಾರ್ಶ್ವನಾಥ. ಬಾಹುಬಲಿಯ ಕೈಕಾಲಿಗೆ ಸುತ್ತಿದ ಬಳ್ಳಿ, ಕಾಲ ಬಳಿಯ ಹಾವು ನೋಡಿ. ಶ್ರವಣಬೆಳಗೊಳದ ವಿಗ್ರಹಕ್ಕಿಂತ ಇದು ಶತಮಾನಗಳಷ್ಟು ಹಳೆಯದು.

ಬೆಳಕು ಮತ್ತು ಫೋಟೊ

ಗುಹೆಗಳ ಮುಖ ಹೆಚ್ಚುಕಡಿಮೆ ಉತ್ತರಕ್ಕೆ, ಕೆರೆಯತ್ತ. ಹಾಗಾಗಿ ಚಳಿಗಾಲದಲ್ಲಿ ನೇರ ಬಿಸಿಲು ಒಳಬರುವುದಿಲ್ಲ, ಅಂಗಳದಿಂದ ಪುಟಿದ ಬೆಳಕೇ ಒಳಗನ್ನು ಬೆಳಗುತ್ತದೆ. ಇದು ಒಳ್ಳೆಯದೇ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಳಕು ಹದವಾಗಿ ಒಂದೇ ಸಮ ಇರುತ್ತದೆ. ಫೋಟೊ ಕೆಡುವುದು ಬೇರೆ ಕಾರಣಕ್ಕೆ. ಚೌಕಟ್ಟಿನಲ್ಲಿ ಹೊರಗಿನ ಆಕಾಶ ಸ್ವಲ್ಪ ಬಂದರೂ ಫೋನು ಅದಕ್ಕೆ ಲೆಕ್ಕ ಹಾಕಿ ಶಿಲ್ಪವನ್ನು ಕಪ್ಪಾಗಿಸುತ್ತದೆ. ಶಿಲ್ಪದ ಎದೆಯ ಮೇಲೆ ಪರದೆಯಲ್ಲಿ ಬೆರಳೊತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಆಕಾಶ ಬರದಂತೆ ನಿಲ್ಲಿ. ಅಗಲ ಲೆನ್ಸ್ ಹಾಕಿ ಹತ್ತಿರದಿಂದ ತೆಗೆದರೆ ದೇವರ ಕಾಲು ದೊಡ್ಡದು, ತಲೆ ಚಿಕ್ಕದು. ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ, ಫೋನನ್ನು ಶಿಲ್ಪದ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ.

ಮೊದಲು ಇಡೀ ಫಲಕ, ಆಮೇಲೆ ಬಿಡಿಭಾಗ. ಬರೀ ಕೈ, ಬರೀ ಮುಖ ತೆಗೆದರೆ ವಾರದ ನಂತರ ಅದು ಯಾವ ಗುಹೆಯದು ಎಂದು ನಿಮಗೇ ತಿಳಿಯುವುದಿಲ್ಲ. ಪ್ರತಿ ಗುಹೆಯ ಶುರುವಿಗೆ ಅದರ ಸಂಖ್ಯೆಯ ಬೋರ್ಡಿನ ಒಂದು ಫೋಟೊ ಇರಲಿ.

ಟಾರ್ಚು ಬಳಸುವ ಮುನ್ನ ಕಾವಲುಗಾರರನ್ನು ಕೇಳಿ. ಒಪ್ಪಿದರೆ ನೇರ ಬೆಳಗಿಸಬೇಡಿ, ಉಬ್ಬು ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ, ಗೋಡೆಗೆ ಸಮಾನಾಂತರವಾಗಿ ಬೆಳಕು ಸವರಿ ಹೋಗುವಂತೆ ಹಿಡಿದರೆ ಸವೆದುಹೋದ ಬೆರಳು, ಸರಗಳೂ ಎದ್ದು ಬರುತ್ತವೆ.

ಕೆರೆಯ ಆಚೆ

ಮಧ್ಯಾಹ್ನ ಊರೊಳಗಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಊಟ ಮಾಡಿ. ಬನಶಂಕರಿಗೆ ಹೋಗುವುದಾದರೆ ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ಅವ್ವಂದಿರ ಹತ್ತಿರ ರೊಟ್ಟಿ, ಚಟ್ನಿಪುಡಿ, ಗಡಿಗೆ ಮೊಸರು ಸಿಗುತ್ತವೆ. ಬಿಸಿಲಿನ ಹೊತ್ತು ಮ್ಯೂಸಿಯಂಗೆ, ಅಲ್ಲಿನ ಲಜ್ಜಾಗೌರಿಯನ್ನು ತಪ್ಪಿಸಬೇಡಿ.

ನಾಲ್ಕು ಗಂಟೆಯ ಮೇಲೆ ಅಗಸ್ತ್ಯ ತೀರ್ಥದ, ಅಂದರೆ ಈ ಕೆರೆಯ, ಪೂರ್ವ ತುದಿಯ ಭೂತನಾಥ ಗುಡಿಗಳತ್ತ ನಡೆಯಿರಿ. ಪಡುವಣ ಬಿಸಿಲು ಕೆರೆ ದಾಟಿ ಅವುಗಳ ಮೇಲೆ ನೇರ ಬೀಳುತ್ತದೆ, ಎಲ್ಲರೂ ಅಲ್ಲೇ ಫೋಟೊ ತೆಗೆದು ಹಿಂದಿರುಗುತ್ತಾರೆ. ನೀವು ಗುಡಿಯ ಹಿಂದಕ್ಕೆ ಹೋಗಿ. ಅಲ್ಲಿನ ಬಂಡೆಗಳ ಮೇಲೆ ವರಾಹ, ಗಣಪತಿ, ನರಸಿಂಹ, ಮಹಿಷಮರ್ದಿನಿ ಮುಂತಾದವರ ಉಬ್ಬುಶಿಲ್ಪಗಳಿವೆ, ಒಂದು ಪುಟ್ಟ ಗವಿಯಲ್ಲಿ ಅನಂತಶಯನ ವಿಷ್ಣು ಇದ್ದಾನೆ. ಮುಂಜಾನೆಯ ಗುಹೆಗಳಲ್ಲಿ ಕೂತ ವಿಷ್ಣುವನ್ನು ನೋಡಿದವರಿಗೆ ಸಂಜೆ ಈ ಮಲಗಿದ ವಿಷ್ಣು ಸಿಕ್ಕರೆ ಲೆಕ್ಕ ಸರಿಹೋಗುತ್ತದೆ. ಕಾಲಲ್ಲಿ ಇನ್ನೂ ಕಸುವಿದ್ದರೆ ತಟ್ಟುಕೋಟಿಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಶಾಲೆಯಲ್ಲಿ ಕಲಿತದ್ದನ್ನು ಕಲ್ಲಿನ ಮೇಲೆ ಓದಬಹುದು.

ಐಹೊಳೆಯ ರಾವಣಫಡಿ

ಬಾದಾಮಿಯಿಂದ ಐಹೊಳೆ ಸುಮಾರು 35 ಕಿಲೋಮೀಟರ್. ಬಸ್ಸುಗಳಿವೆ, ಆದರೆ ಗಂಟೆಗೊಂದರಂತೆ ಬರುತ್ತವೆಂದು ನಂಬಬೇಡಿ. ಇಳಿದ ಕೂಡಲೇ ವಾಪಸ್ ಬಸ್ಸಿನ ಹೊತ್ತನ್ನು ಕಂಡಕ್ಟರ್ ಹತ್ತಿರವೇ ಕೇಳಿಕೊಳ್ಳಿ. ಇಬ್ಬರು ಮೂವರಿದ್ದರೆ ಬಾದಾಮಿಯಿಂದಲೇ ಆಟೊ ಮಾಡಿಕೊಂಡು, ಕಾಯುವ ಹೊತ್ತೂ ಸೇರಿ ಬಾಡಿಗೆ ಮೊದಲೇ ಮಾತಾಡಿಕೊಳ್ಳುವುದು ಸುಲಭ. ಊಟದ ವ್ಯವಸ್ಥೆ ಐಹೊಳೆಯಲ್ಲಿ ಕಡಿಮೆ, ಬುತ್ತಿ ಒಯ್ಯಿರಿ.

ಇಲ್ಲಿನ ಬಂಡೆಗುಡಿ ರಾವಣಫಡಿಯ ಮುಖ ನೈಋತ್ಯಕ್ಕೆ, ಆದ್ದರಿಂದ ಬೆಳಿಗ್ಗೆ ಮೇಗುಟಿ ಗುಡ್ಡ ಹತ್ತಿ 634ರ ರವಿಕೀರ್ತಿಯ ಶಾಸನ ನೋಡಿ, ದುರ್ಗ ಗುಡಿಯ ಆವರಣ ಮುಗಿಸಿ, ಮೂರು ಗಂಟೆಯ ಮೇಲೆ ಇಲ್ಲಿಗೆ ಬನ್ನಿ. ಒಳಗೆ ಬೆಳಕು ಬರುವುದು ಆಗ. ಬಾಗಿಲ ಬಳಿಯ ದ್ವಾರಪಾಲಕರ ಉಡುಪು ಹೊರದೇಶದವರ ಉಡುಪಿನಂತಿದೆ, ಗಮನಿಸಿ.

ಬಾದಾಮಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ನಿಲ್ಲುವ ಜಾಗದ್ದು. ಅಲ್ಲಿ ಫಲಕದ ಎದುರು ನಿಲ್ಲುತ್ತೀರಿ, ಇಲ್ಲಿ ಫಲಕದ ಒಳಗೆ. ಎಡಗಡೆಯ ಕೋಣೆಯಲ್ಲಿ ಹತ್ತು ಕೈಗಳ ಶಿವ ಕುಣಿಯುತ್ತಿದ್ದಾನೆ, ಸಪ್ತಮಾತೃಕೆಯರು, ಪಾರ್ವತಿ, ಗಣಪತಿ, ಕಾರ್ತಿಕೇಯ ಸುತ್ತಲಿನ ಗೋಡೆಗಳ ಮೇಲೆ ಹರಡಿಕೊಂಡಿದ್ದಾರೆ. ಕೋಣೆಯ ನಡುವೆ ನಿಂತು ನಿಧಾನಕ್ಕೆ ಒಂದು ಸುತ್ತು ತಿರುಗಿ. ಈ ಮಾತೃಕೆಯರ ಎತ್ತರದ ಕಿರೀಟ, ತೆಳು ಮೈಕಟ್ಟು, ಸೀರೆಯ ಸಣ್ಣ ಸಣ್ಣ ನಿರಿಗೆ ಬಾದಾಮಿಯಲ್ಲಿ ಕಂಡಂಥದ್ದಲ್ಲ. ಅಲ್ಲಿನ ನಟರಾಜನಿಗೆ ಬಯಲಿನಲ್ಲಿ ಹದಿನೆಂಟು ಕೈ, ಇಲ್ಲಿ ಕೋಣೆಯೊಳಗೆ ಹತ್ತು. ಎರಡನ್ನೂ ಒಂದು ದಿನದ ಅಂತರದಲ್ಲಿ ನೋಡಿದವರಿಗೆ ಮಾತ್ರ ಈ ಹೋಲಿಕೆ ದಕ್ಕುತ್ತದೆ.

ಸಭಾಮಂಟಪದಲ್ಲಿ ಅರ್ಧನಾರೀಶ್ವರ, ಹರಿಹರ ಮತ್ತೆ ಸಿಗುತ್ತಾರೆ, ನಿನ್ನೆಯ ಗೆರೆಯನ್ನು ಮತ್ತೆ ಎಳೆದು ನೋಡಿ. ಗಂಗಾಧರನ ತಲೆಯ ಮೇಲೆ ಒಬ್ಬಳಲ್ಲ, ಮೂವರು ನದೀದೇವತೆಯರು, ಪಕ್ಕದಲ್ಲಿ ತಪಸ್ಸಿನಿಂದ ಬಡಕಲಾದ ಭಗೀರಥ. ಇವನನ್ನು ಭೃಂಗಿ ಎಂದು ಹೇಳುವ ಗೈಡುಗಳೂ ಇದ್ದಾರೆ. ಬಡಕಲು ಮೈ ಕಂಡ ಕೂಡಲೇ ಹೆಸರಿಡಬೇಡಿ, ಮೇಲೆ ನದಿ ಇದೆಯೇ ನೋಡಿ. ಗರ್ಭಗುಡಿಯ ಮುಂದಿನ ಅಂಕಣದಲ್ಲಿ ಎದುರುಬದುರಾಗಿ ವರಾಹ, ಮಹಿಷಮರ್ದಿನಿ, ಒಳಗೆ ಲಿಂಗ.

ಈ ಅಭ್ಯಾಸ ಹಿಡಿಸಿದರೆ ಮುಂದಿನ ಊರು ಎಲ್ಲೋರ. ಅಲ್ಲಿನ 16ನೆಯ ಗುಹೆ ಕೈಲಾಸ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕಡಿದು ಇಡೀ ಗುಡಿಯನ್ನೇ ಬಿಡಿಸಿ ನಿಲ್ಲಿಸಿದ್ದಾರೆ, ಸುತ್ತು ಹಾಕಬಹುದಾದ ಬಂಡೆಗುಡಿ ಅದು. ಗುಹೆಗಳ ಮುಖ ಪಶ್ಚಿಮಕ್ಕೆ, ಹಾಗಾಗಿ ಮಧ್ಯಾಹ್ನದ ಮೇಲೆ ಹೋಗಿ. ಎಲ್ಲೋರಕ್ಕೆ ಮಂಗಳವಾರ ರಜೆ, ಮುಂಬಯಿಯ ಎಲಿಫೆಂಟಾಕ್ಕೆ ಸೋಮವಾರ.